ನೀಲಿ ಲಾರಿಯ ಕಮಾನು ಪಟ್ಟಿ

"ನಿನ್ ಮಗ್ಳು ಸತ್ಲು ಅಂತ ಕಬ್ಬು ಕಾಯ್ಕಂಡು ನಿಂತದೇನ್ಲಾ ಪುಲೊ? ಏಳ್ಲಾ ಮ್ಯಾಕೆ. ಕುಂಡಿಗೇನು ಬೇರು ಬಂದದಾ?"

ಮೇಸ್ತ್ರಿ ದುಲ್ಫೊ ಹೀಗಂದು ಕೋಣ ಎಳೆಯುವ ಗಾಲಿಯಿಲ್ಲದ ಬಂಡಿಯಿಂದ ಕಬ್ಬಿಣ ಇಳಿಸಲು ಸನ್ನೆ ಮಾಡಿದ. ಜೊತೆಗಿದ್ದ ಕಾವಲಿನವನು ಲಾರಿಯ ಸ್ಪ್ರಿಂಗಿನ ಕಮಾನು ಪಟ್ಟಿಗಳನ್ನು ಎತ್ತೆತ್ತಿ ನಮ್ಮ ಕುಲುಮೆಯ ಬಾಗಿಲಿಗೆ ಎಸೆದ. ಒಂದೊಂದು ಬಿದ್ದಾಗಲೂ ಒಳಗೆ ಗೂಟಕ್ಕೆ ನೇತುಹಾಕಿದ್ದ ಇಕ್ಕಳಗಳು ನಡುಗಿದವು.

ನನ್ನ ಗಂಡ ಪುಲೊ ಏಳಲಿಲ್ಲ. ಮಗಳನ್ನು ಮಣ್ಣು ಮಾಡಿ ಬಂದಿದ್ದೆವು, ಒಂಬತ್ತು ದಿನದ ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ. ಆ ದಿನಗಳಲ್ಲಿ ನಾವು ಮನೆಯ ಕಸ ಕೂಡ ಗುಡಿಸುವುದಿಲ್ಲ. ಕುಲುಮೆ ಹಚ್ಚುವ ಮಾತು ದೂರ.

"ಸೋಮವಾರ ಕಟಾವು ಸುರು. ಸಮುದ್ರದಾಚೆ ಆಂಟಿಕೆ ಕಡೆಯಿಂದ ಹೊಸ ಜನ ಹಡಗು ಹತ್ತವ್ರೆ. ಅವ್ರ ಕೈಗೆ ಕತ್ತಿ ಬೇಕು. ಇಷ್ಟನ್ನೂ ಬಡಿ. ಒಂದು ಚೂರೂ ಉಳಿಯಂಗಿಲ್ಲ."

ಪುಲೊ ಒಂದು ಪಟ್ಟಿಯನ್ನು ಕಾಲಿನಿಂದ ಹೊರಳಿಸಿದ. ಅದರ ಅಂಚಿಗೆ ನೀಲಿ ಬಣ್ಣ ಮೆತ್ತಿಕೊಂಡಿತ್ತು.

"ಇದು ನೀಲಿ ಲಾರೀದು," ಅಂದ.

"ಯಾವ್ದಾದ್ರೇನು. ಕಬ್ಬಿಣ ಕಬ್ಬಿಣಾನೆ."

"ಜನ ತಿಂದ ಗಾಡಿ ಕಬ್ಬಿಣಾನ ಯಾವ ಕಮ್ಮಾರನೂ ಬೆಂಕಿಗಿಕ್ಕಲ್ಲ ಮೇಸ್ತ್ರಿ. ಸಮುದ್ರಕ್ಕೆ ಹಾಕ್ತೀವಿ. ನಿಮ್ಮಪ್ಪನೂ ಸುತ್ತಿಗೆ ಹಿಡಿದೋನು. ನಿಂಗೊತ್ತಿಲ್ವಾ?"

"ನಮ್ಮಪ್ಪ ಹಸ್ಕಂಡು ಸತ್ತ. ಅದೂ ಗೊತ್ತದೆ." ದುಲ್ಫೊ ಉಗುಳಿದ. "ಧಣಿ ಹೇಳವ್ರೆ, ಆಗ್ಬೇಕು. ನೀನು ಕೂತಿರೋ ನೆಲ ಅವರ್ದು. ನೀನು ಉಚ್ಚೆ ಉಯ್ಯೋ ಬಾಳೆ ಬುಡಾನೂ ಅವರ್ದು. ಆಗಲ್ಲ ಅಂದ್ರೆ ಈ ಗುಡ್ಲು ಹೊತ್ಕಂಡು ಹೋಗಿ ಸಮುದ್ರಕ್ಕೆ ನೀನೇ ಬೀಳು ಸೂಳೆಮಗನೆ."

ಹೋಗುವಾಗ ನನ್ನ ಕಡೆ ತಿರುಗಿದ. "ಲೂಮಿಂಗ್, ನಿನ್ ಗಂಡಂಗೆ ಒಸಿ ಬುದ್ಧಿ ಹೇಳು. ನಾನು ಕೆಟ್ಟೋನಲ್ಲ ಕಣಮ್ಮ."

ಆ ನೀಲಿ ಲಾರಿ ಕಬ್ಬು ಕಡಿಯುವವರನ್ನು ತುಂಬಿಕೊಂಡು ತೊರೆಯ ತಿರುವಿನಲ್ಲಿ ಉರುಳಿತ್ತು. ನಮ್ಮ ಮಗಳು ಮಿಂದಾ ಅದರ ಅಡಿಗೆ ಸಿಕ್ಕಿದಳು. ಅವಳ ಜೊತೆ ಇನ್ನೂ ಕೆಲವರು. ಡ್ರೈವರ್ ಓನಿಂಗ್ ಸ್ಟೀರಿಂಗಿಗೆ ಎದೆ ಕೊಟ್ಟು ಸತ್ತಿದ್ದ. ಅವನು ತೆಂಗಿನ ಕಳ್ಳು ಕುಡಿದಿದ್ದ, ಅದಕ್ಕೇ ಹೀಗಾಯಿತು ಎಂದು ಎಸ್ಟೇಟಿನವರು ಹೇಳಿದರು. ಸತ್ತವನ ಬಾಯಿ ಮೂಸಿ ನೋಡಿದವರು ಯಾರೋ ಗೊತ್ತಿಲ್ಲ. ಊರು ನಂಬಿತು. ಧಣಿಯನ್ನು ಬೈಯುವ ಹಾಗಿಲ್ಲ, ಓನಿಂಗನ ಹೆಂಡತಿ ಸಲುದ್‌ಳನ್ನು ಬೈಯಬಹುದಿತ್ತು. ಅವಳು ಬೋರಿಗೆ ಬಂದರೆ ಹೆಂಗಸರು ಅರ್ಧ ತುಂಬಿದ ಕೊಡ ಎತ್ತಿಕೊಂಡು ಎದ್ದು ಹೋಗುತ್ತಿದ್ದರು. ನಾನೂ ಹೋಗುತ್ತಿದ್ದೆ.

ಬಂಡಿ ಮರೆಯಾದ ಮೇಲೆ ಪುಲೊ ಎದ್ದ. ಪಟ್ಟಿಗಳ ರಾಶಿಯನ್ನು ಬಿಡಿಸಿ ಒಂದೊಂದನ್ನೇ ಗೋಡೆಗೆ ಒರಗಿಸಿದ. ಎಲ್ಲಕ್ಕಿಂತ ಉದ್ದದ ಪಟ್ಟಿ, ಲಾರಿಯ ಭಾರವೆಲ್ಲ ಹೊರುವಂಥದು, ಎರಡು ತುಂಡಾಗಿತ್ತು, ನಮ್ಮ ಬಾಗಿಲಿಗೆ ಬಂದಿದ್ದು ಒಂದೇ ತುಂಡು. ಅದರ ಮುರಿದ ಬಾಯಿಯನ್ನು ಬೆಳಕಿಗೆ ಹಿಡಿದ.

"ಇಲ್ಲಿ ಬಾ," ಅಂದ.

ಮುರಿದ ಬಾಯಿ ಒಂದೇ ಬಣ್ಣವಾಗಿರಲಿಲ್ಲ. ಮುಕ್ಕಾಲು ಭಾಗ ತುಕ್ಕು ಹಿಡಿದು, ಗ್ರೀಸು ಇಳಿದು, ಹಳೆಯ ಹಲ್ಲಿನಂತೆ ಕಪ್ಪಾಗಿತ್ತು. ಅಂಚಿನಲ್ಲಿ ಮಾತ್ರ ಬೆರಳಗಲ ಜಾಗ ಬೆಳ್ಳಗೆ, ಮೀನಿನ ಹೊಟ್ಟೆಯ ಹಾಗೆ ಹೊಳೆಯುತ್ತಿತ್ತು.

"ಈ ಬೆಳ್ಳಗಿರೋದು ಅವತ್ತು ಮುರಿದಿದ್ದು. ಮಿಕ್ಕಿದ್ದು ಎಂದೋ ಮುರಿದು ಕೂತಿತ್ತು ಕಣೆ. ಇಷ್ಟೇ ಇಷ್ಟರ ಮೇಲೆ ನಮ್ ಮಗೂನ ಕೂರ್ಸಿ ಓಡ್ಸವ್ರೆ."

ನಾನು ಆ ಬೆಳ್ಳಗಿನ ಜಾಗವನ್ನು ಬೆರಳಿನಿಂದ ಮುಟ್ಟಿದೆ. ಆಮೇಲೆ ಎದ್ದು ಸಲುದ್‌ಳ ಗುಡಿಸಲಿಗೆ ಹೋದೆ.

ಅವಳು ನನ್ನನ್ನು ಕಂಡು ಬಾಗಿಲು ಹಾಕಿಕೊಳ್ಳಲು ಹೋದಳು. ವಿಷಯ ಹೇಳಿದೆ. ಅವಳು ಬಾಗಿಲಿಗೆ ಕೈಯಿಟ್ಟೇ ಕೇಳಿದಳು.

"ನಂಗೆ ಮೊದ್ಲೇ ಗೊತ್ತಿತ್ತು ಕಣಕ್ಕ. ಪಟ್ಟಿ ಬಿರುಕು ಬಿಟ್ಟದೆ, ಬದ್ಲಾಯ್ಸಿ ಅಂತ ಅವ್ನು ದುಲ್ಫೊನ ಕಾಲು ಹಿಡಿದಿದ್ದ. ಟೈರ್ ರಬ್ಬರ್ ಸುತ್ತಿ ಓಡ್ಸು ಕಣ್ಲಾ, ಈ ಸುಗ್ಗಿ ಕಳೀಲಿ ಅಂದ್ನಂತೆ. ನಾ ಯಾರಿಗೆ ಹೇಳ್ಲಿ? ಬೋರಿನ ಹತ್ರ ನೀವೆಲ್ಲ ಕೊಡ ಎತ್ಕಂಡು ಓಡ್ತಿದ್ರಲ್ಲ."

ಶನಿವಾರ ಪಟ್ಟಣದಿಂದ ತನಿಖೆಯ ಅಧಿಕಾರಿ ಬರುವವನಿದ್ದ. ಪುಲೊ ಲೆಕ್ಕ ಹಾಕಿದ: ಮಿಕ್ಕ ಪಟ್ಟಿಗಳನ್ನು ಬಡಿಯುತ್ತಾ ಹೋದರೆ ದುಲ್ಫೊ ಸುಮ್ಮನಿರುತ್ತಾನೆ, ಈ ಮುರಿದ ತುಂಡನ್ನು ಉಳಿಸಿಕೊಂಡು ಅಧಿಕಾರಿಯ ಮುಂದೆ ಇಡಬೇಕು. ಅದಕ್ಕಾಗಿ ಅವನು ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದ. ಜನ ತಿಂದ ಕಬ್ಬಿಣವನ್ನು ಬೆಂಕಿಗಿಟ್ಟ. ಕೆಟ್ಟದ್ದು ಕಳೆಯಲು ಕೋಳಿ ಕುಯ್ದು, ನಾವು ಕಬ್ಬಿಣ ಬಡಿಯುವ ರೈಲು ಹಳಿಯ ಮೇಲೆ ರಕ್ತ ಬಿಡುವುದು ವಾಡಿಕೆ. ಕೋಳಿಯೆಲ್ಲಾ ಪ್ರಾರ್ಥನೆಗೆ ಬಂದವರ ಅನ್ನಕ್ಕೆ ಹೋಗಿತ್ತು. ಉಳಿಯಿಂದ ತನ್ನ ಹೆಬ್ಬೆರಳು ಗೀರಿಕೊಂಡು ಅದನ್ನೇ ಹಳಿಗೆ ಒರೆಸಿದ.

ಮೊದಲೆಲ್ಲ ಕುಲುಮೆಗೆ ಗಾಳಿ ಒತ್ತುತ್ತಿದ್ದವಳು ಮಿಂದಾ. ಕಟಾವಿಲ್ಲದ ತಿಂಗಳುಗಳಲ್ಲಿ ಎರಡು ಬಿದಿರ ಕೊಳವೆಗಳ ನಡುವೆ ನಿಂತು, ಕೋಳಿಪುಕ್ಕ ಕಟ್ಟಿದ ಕೋಲುಗಳನ್ನು ಮೇಲೆ ಕೆಳಗೆ ಆಡಿಸುತ್ತಾ ಹಾಡಿಕೊಳ್ಳುತ್ತಿದ್ದಳು. ಈಗ ಅಲ್ಲಿ ಸಲುದ್ ನಿಂತಳು. ಪುಲೊ ಇಕ್ಕಳದಲ್ಲಿ ಕೆಂಡದಂಥ ಪಟ್ಟಿ ಹಿಡಿದು ರೈಲು ಹಳಿಯ ತುಂಡಿನ ಮೇಲಿಟ್ಟ. ನಾನು ದೊಡ್ಡ ಸುತ್ತಿಗೆ ಎತ್ತಿದೆ. ಅವನು ಸಣ್ಣ ಸುತ್ತಿಗೆಯಿಂದ ತಟ್ಟಿ ತೋರಿಸಿದ ಕಡೆ ನನ್ನ ಏಟು. ಕಮಾನು ನೆಟ್ಟಗಾಯಿತು, ಅಗಲವಾಯಿತು, ತುದಿಯಲ್ಲಿ ಮೊಂಡ, ಒಂದು ಅಂಚಿಗೆ ಬಾಯಿ. ಕಬ್ಬು ಕಡಿಯುವ ಕತ್ತಿ. ಉಪ್ಪುನೀರಿನಲ್ಲಿ ಅದ್ದಿದಾಗ ಏಳುವ ಉಗಿ ಮೂವರ ಮುಖಕ್ಕೂ ಹೊಡೆಯುತ್ತಿತ್ತು, ಅಳುತ್ತಿದ್ದವರು ಯಾರು ಎಂದು ಕೇಳಬೇಕಿರಲಿಲ್ಲ.

"ಒತ್ತೇ ತಾಯಿ, ಕೈ ಬಿಡ್ಬೇಡ," ಪುಲೊ ಸಲುದ್‌ಗೆ ಹೇಳುತ್ತಿದ್ದ. ಮಗಳಿಗೂ ಹಾಗೇ ಹೇಳುತ್ತಿದ್ದ.

ಶುಕ್ರವಾರ ಇಳಿಹೊತ್ತಿನಲ್ಲಿ ನಾಯಿಗಳು ಬೊಗಳಿದವು. ದುಲ್ಫೊ, ಹಿಂದೆ ಬಂದೂಕಿನ ಕಾವಲಿನವರು. ತೋಟದ ಗ್ಯಾರೇಜಿನವನು ತಾನು ಬಿಚ್ಚಿಕೊಟ್ಟ ಪಟ್ಟಿಗಳಿಗೂ ತಲುಪಿದ ಕತ್ತಿಗಳಿಗೂ ತಾಳೆ ಹಾಕಿದ್ದನಂತೆ, ಉದ್ದದ್ದು ಕತ್ತಿಯಾಗಿಲ್ಲ ಎಂದು ಅವರಿಗೆ ತಿಳಿದುಹೋಗಿತ್ತು.

ಅವರು ಬೇಲಿ ದಾಟುವಷ್ಟರಲ್ಲಿ ಪುಲೊನ ಕೈ ತನ್ನಷ್ಟಕ್ಕೆ ಕೆಲಸ ಮಾಡಿತ್ತು. ಮುರಿದ ತುಂಡನ್ನು ಒಲೆಯ ಪಕ್ಕದ ಬೂದಿಯ ಹೊಂಡಕ್ಕೆ ತಳ್ಳಿ ಮೇಲೆ ಬೂದಿ ಎಳೆದ. ಬೇರೆ ಯಾರಾದರೂ ಆಗಿದ್ದರೆ ಬಾವಿಗೆ ಎಸೆಯುತ್ತಿದ್ದರು, ಬಾಳೆಯ ಬುಡಕ್ಕೆ ತುರುಕುತ್ತಿದ್ದರು. ಆದರೆ ಬಿರುಸಾದ ಉಕ್ಕನ್ನು ಮೆತ್ತಗಾಗಲು ಮಲಗಿಸುವುದು ಬೂದಿಯಲ್ಲೇ, ಮಳೆಗಾಲದಲ್ಲಿ ಅರಗಳನ್ನು ಹೂತಿಡುವುದೂ ಬೂದಿಯಲ್ಲೇ. ಕಮ್ಮಾರನಿಗೆ ಭದ್ರವಾದ ಜಾಗ ಎಂದರೆ ಅದೊಂದೇ.

"ಎಲ್ಲಿಟ್ಟಿದ್ದೀಯ?"

"ಏನ?"

ದುಲ್ಫೊ ಪುಲೊನ ಕೆನ್ನೆಗೆ ಬಾರಿಸಿದ. ಕಾವಲಿನವರು ಮನೆಗೆ ನುಗ್ಗಿ ಅಕ್ಕಿಯ ಡಬ್ಬಿ ನೆಲಕ್ಕೆ ಸುರಿದರು. ಮಿಂದಾಳ ಫೋಟೋ ಇಟ್ಟಿದ್ದ ಮೇಜಿನ ಬಟ್ಟೆ ಎಳೆದರು, ಮೇಣದಬತ್ತಿ ಉರುಳಿತು. ನಾನು ಬತ್ತಿ ಎತ್ತಲು ಬಗ್ಗಿದಾಗ ಒಬ್ಬ ಬಂದೂಕಿನ ತುದಿಯಿಂದ ನನ್ನ ಲಂಗ ಎತ್ತಿ, "ಇಲ್ಲೇನಾದ್ರೂ ಅಡಗ್ಸಿದ್ದೀಯಾ ಮುದ್ಕಿ?" ಅಂದ. ಉಳಿದವರು ನಕ್ಕರು. ದುಲ್ಫೊ ನಗಲಿಲ್ಲ, ತಡೆಯಲೂ ಇಲ್ಲ.

ಸಿಗಲಿಲ್ಲ. ಒಬ್ಬ ಕಾವಲಿನವನನ್ನು ಕುಲುಮೆಯೊಳಗೆ ಕೂರಿಸಿ, ಬೆಳಗಾಗುವವರೆಗೆ ಯಾರನ್ನೂ ಒಳಗೆ ಬಿಡಬೇಡ ಎಂದು ಹೇಳಿ ಹೋದರು.

ಬೆಳಿಗ್ಗೆ ಆ ಹುಡುಗ ಮೈಮುರಿಯುತ್ತಾ ಹೊರಗೆ ಬಂದ. ಆಗ ಪುಲೊ ಒಳಗೆ ಓಡಿದ. ಒಲೆಯ ಸುತ್ತ ಸುಟ್ಟ ಬಾಳೆಕಾಯಿಯ ಸಿಪ್ಪೆಗಳು ಬಿದ್ದಿದ್ದವು.

"ಗಾಳಿ ಒತ್ತಿದ್ಯಾ?" ಪುಲೊ ಕೇಳಿದ.

"ಹಸಿವಾಗಿತ್ತು ಕಣಣ್ಣ. ಅವ್ರು ನಂಗೂ ಊಟ ಕೊಡ್ಲಿಲ್ಲ. ನಿಮ್ ಮರದ್ದೇ ಎರಡು ಕಾಯಿ ಕಿತ್ಕಂಡೆ. ತೆಂಗಿನ ಚಿಪ್ಪಿನ ಇದ್ಲಿಗೆ ಗಾಳಿ ಒತ್ತಿ, ಬೂದಿ ಹೊಂಡಕ್ಕೆ ಎಳ್ಕಂಡು ಬೇಯ್ಸಿದೆ. ತಪ್ಪಾಯ್ತಾ?"

ಪುಲೊ ಬರಿಗೈಯಲ್ಲೇ ಬೂದಿ ಬಗೆದ. ತುಂಡು ಸಿಕ್ಕಿತು. ಮುರಿದ ಬಾಯಿಯನ್ನು ಬೆಳಕಿಗೆ ಹಿಡಿದ. ತುಕ್ಕೂ ಇಲ್ಲ, ಬಿಳುಪೂ ಇಲ್ಲ. ಅಂಚಿನಿಂದ ಅಂಚಿಗೆ ಒಂದೇ ಸಮ, ಬೆಂಕಿಗೆ ಎದ್ದ ಕರಿನೀಲಿ ಹೊಪ್ಪಳೆ. ಹಳೆಯ ಮುರಿತವೂ ಹೊಸ ಮುರಿತವೂ ಒಂದೇ ಬಣ್ಣ.

ಅವನು ಹಳಿಯ ಮೇಲೆ ಕುಸಿದ. "ನಾನೇ ಇಟ್ಟೆ," ಅಂದ. "ನನ್ ಕೈಯಾರ ನಾನೇ ಒಲೆಗಿಟ್ಟೆ ಕಣೆ."

ಸಲುದ್ ಬಂದು ನೋಡಿದಳು. ಆ ತುಂಡನ್ನು ತೆಗೆದು ತನ್ನ ಸೊಂಟಕ್ಕೆ ಒರಗಿಸಿಕೊಂಡಳು. "ಆದ್ರೂ ಹೋಗೋಣ. ಹೇಳೋಕೆ ಬಾಯಿ ಅದೆಯಲ್ಲ ನಮಗೆ," ಅಂದಳು.

ದೊಡ್ಡಮನೆಯ ಜಗಲಿಯಲ್ಲಿ ಅಧಿಕಾರಿ ಊಟಕ್ಕೆ ಕೂತಿದ್ದ. ಹುರಿದ ಹಂದಿಯ ಚರ್ಮ ಅವನ ಹಲ್ಲಿನಲ್ಲಿ ಕರುಂ ಕರುಂ ಅನ್ನುತ್ತಿತ್ತು. ಧಣಿ ಎದುರಿಗಿದ್ದರು, ಬಿಳಿ ಅಂಗಿ, ಮೆದು ದನಿ. ನಾವು ಮೆಟ್ಟಿಲ ಕೆಳಗೆ ನಿಂತೆವು. ಸಲುದ್ ಮೆಟ್ಟಿಲು ಹತ್ತಿ ತುಂಡನ್ನು ಹಾಸುಗಲ್ಲಿನ ಮೇಲಿಟ್ಟಳು. ಕಲ್ಲಿಗೆ ಗೀರು ಬಿತ್ತು.

"ಸಾಹೇಬ್ರೆ, ನನ್ ಗಂಡ ಕುಡಿದಿರ್ಲಿಲ್ಲ. ಈ ಪಟ್ಟಿ ಮೊದ್ಲೇ ಬಿರುಕು ಬಿಟ್ಟಿತ್ತು. ಮೇಸ್ತ್ರಿಗೆ ಹೇಳಿದ್ದ."

ದುಲ್ಫೊ ಕಂಬದ ಬಳಿ ನಿಂತಿದ್ದ. "ನಂಗ್ಯಾರೂ ಏನೂ ಹೇಳಿಲ್ಲ," ಅಂದ, ಯಾರೂ ಕೇಳುವ ಮೊದಲೇ.

ಅಧಿಕಾರಿ ಬಗ್ಗಿ ನೋಡಿದ. ಹೊಪ್ಪಳೆಯನ್ನು ಉಗುರಿನಿಂದ ಕೆರೆದ. ಅವನ ಕಣ್ಣು ಒಂದು ಗಳಿಗೆ ಪುಲೊನ ಸುಟ್ಟ ಕೈಗಳ ಮೇಲೆ ನಿಂತಿತು. ಅವನಿಗೆ ಅರ್ಥವಾಯಿತು, ಅದನ್ನು ನಾನು ಕಂಡೆ. ಆಮೇಲೆ ಬಟ್ಟೆಯಲ್ಲಿ ಬೆರಳು ಒರೆಸಿಕೊಂಡ.

"ಇದು ಬೆಂಕಿಗೆ ಹಾಕಿದ ಕಬ್ಬಿಣ. ಇದರಲ್ಲಿ ನಾನು ಏನು ನೋಡಲಿ?"

"ಪುಲೊ," ಧಣಿ ಕರೆದರು, ಮಗುವನ್ನು ಕರೆದಂತೆ. "ಮಗಳು ಹೋದ ದುಃಖ. ನನಗೆ ಗೊತ್ತಿಲ್ಲವಾ? ಮಿಂದಾಗೆ ಚರ್ಚಿನಲ್ಲಿ ಪೂಜೆ ಹೇಳಿಸಿದ್ದೇನೆ. ಆದರೆ ತೋಟದ ಮಾಲನ್ನು ಬಚ್ಚಿಟ್ಟು, ಸುಟ್ಟು, ಅದನ್ನೇ ಸಾಕ್ಷಿ ಅಂತ ತಂದರೆ ಇವರು ಏನಂದುಕೊಳ್ಳಬೇಕು ಹೇಳು? ಕಳ್ಳತನ ಅನ್ನಬಹುದು. ನಾನು ಅನ್ನುವುದಿಲ್ಲ. ತಗೊಂಡು ಹೋಗಿ ಇದನ್ನೂ ಕತ್ತಿ ಮಾಡಿಬಿಡು. ಗುಡಿಸಲು ಇರಲಿ, ನೀನೂ ಇರು."

ಪುಲೊ ಮೆಟ್ಟಿಲು ಹತ್ತಿ ಆ ತುಂಡನ್ನು ಎತ್ತಿಕೊಂಡ.

"ಊಟ ಮಾಡಿ ಹೋಗಿ," ಎಂದರು ಧಣಿ. "ಹಿತ್ತಲಲ್ಲಿ ಕೊಡ್ತಾರೆ."

ನಾವು ಉಣ್ಣದೆ ಬಂದೆವು. ಅಷ್ಟೇ ನಮ್ಮ ಕೈಲಾದದ್ದು. ಆ ತುಂಡನ್ನೂ ಬಡಿದೆವು.

ಸೋಮವಾರ ಅದೇ ನೀಲಿ ಲಾರಿ ಬಂತು. ಹೊಸ ಪಟ್ಟಿಗಳ ಮೇಲೆ ಎತ್ತರಕ್ಕೆ ನಿಂತಿತ್ತು, ತಗಡು ತಟ್ಟಿ ನೆಟ್ಟಗೆ ಮಾಡಿದ್ದರು. ಪಾದ್ರಿ ಅದರ ಸುತ್ತ ಬಂದು ನಾಲ್ಕೂ ಚಕ್ರಕ್ಕೆ ತೀರ್ಥ ಚಿಮುಕಿಸಿದರು, ನೀರು ಧೂಳಿನಲ್ಲಿ ಗುಂಡಿ ಗುಂಡಿಯಾಯಿತು. ಕತ್ತಿಗಳನ್ನು ರಸ್ತೆಯ ಬದಿಗೆ ಗೋಣಿಯ ಮೇಲೆ ಹರಡಿದ್ದರು. ದುಲ್ಫೊ ನಮ್ಮ ಊರಿನ ಕಟಾವಿನವರನ್ನು ಸಾಲಾಗಿ ನಿಲ್ಲಿಸಿದ.

ಸಾಲಿನ ಮೊದಲಿಗೆ ಮುದುಕಿ ಪಾಸಿಂಗ್. ಹುಟ್ಟಿದಾಗಿನಿಂದ ಕಬ್ಬು ಕಡಿದವಳು. ಗೋಣಿಯನ್ನು ನೋಡಿದಳು, ಪುಲೊನನ್ನು ನೋಡಿದಳು. ಸಲುದ್ ಎರಡು ದಿನದಿಂದ ಬೋರಿನ ಹತ್ತಿರ ನಿಂತು ಎಲ್ಲರಿಗೂ ಹೇಳಿದ್ದಳು, ಈ ಸಲ ಯಾರೂ ಕೊಡ ಎತ್ತಿಕೊಂಡು ಎದ್ದಿರಲಿಲ್ಲ.

"ತಗಳಮ್ಮಿ ಬೇಗ," ಅಂದ ದುಲ್ಫೊ.

ಪಾಸಿಂಗ್ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಏನಾಯ್ತೇ ಬೋಸುಡಿ, ಕೈಗೆ ಲಕ್ವ ಹೊಡೆದದಾ?"

ಅವಳ ಹಿಂದಿನವನೂ ಕೈ ಹಿಂದಕ್ಕೆ ಕಟ್ಟಿದ. ಅವನ ಹಿಂದಿನವಳೂ. ಹಾಗೇ ಸಾಲಿನ ಕೊನೆಯವರೆಗೂ. ಪಾದ್ರಿ ತೀರ್ಥದ ತಂಬಿಗೆ ಹಿಡಿದು ಜೀಪು ಹತ್ತಿದರು. ನನ್ನ ಎದೆಯಲ್ಲಿ ಏನೋ ಎದ್ದು ನಿಂತಿತು, ಸುಳ್ಳು ಹೇಳುವುದಿಲ್ಲ.

ದುಲ್ಫೊ ಸಾಲನ್ನು ನೋಡಿದ. ಮತ್ತೆ ಬೈಯಲಿಲ್ಲ, ಹೊಡೆಯಲೂ ಇಲ್ಲ. ಲಾರಿಯ ಹಿಂಬದಿಯ ಹಲಗೆಯನ್ನು ಅಂಗೈಯಿಂದ ತಟ್ಟಿದ. "ಇಳೀರೋ," ಅಂದ.

ಆಂಟಿಕೆಯವರು ಇಳಿದರು. ಸಮುದ್ರ ದಾಟಿ ಬಂದು ವಾಂತಿಯ ವಾಸನೆ ಹೊಡೆಯುತ್ತಿದ್ದರು. ಗೋಣಿಯ ಸುತ್ತ ಮುಗಿಬಿದ್ದು ಕತ್ತಿ ಎತ್ತಿಕೊಂಡರು. ಅವರಲ್ಲಿ ಒಬ್ಬ ಹುಡುಗಿ, ತಲೆಗೆ ಟೀ ಶರ್ಟು ಸುತ್ತಿಕೊಂಡವಳು, ಅಂಚಿಗೆ ಹೆಬ್ಬೆರಳು ತಾಗಿಸಿ ನೋಡಿದಳು.

ನಾನು ಅವಳ ತೋಳು ಹಿಡಿದೆ. "ಬ್ಯಾಡ ಮಗ. ಇದು ಜನ ಸತ್ತ ಲಾರಿ ಕಬ್ಬಿಣ. ಈ ಲಾರೀದೆ. ನನ್ ಮಗ್ಳೂ ಇದ್ರಲ್ಲೇ ಹೋದ್ಲು."

ಅವಳು ಕತ್ತಿಯನ್ನು ನೋಡಿದಳು, ಲಾರಿಯನ್ನು ನೋಡಿದಳು. "ನಮ್ಮೂರಲ್ಲೂ ಇಂಥದ್ನ ಮುಟ್ಟಲ್ಲ ಕಣಕ್ಕ," ಅಂದಳು. "ನಿನ್ನೆಯಿಂದ ಏನೂ ತಿಂದಿಲ್ಲ. ಮುಟ್ಟದಿದ್ರೆ ಅನ್ನ ಎಲ್ಲೈತೆ?"

ಆಮೇಲೆ ಪುಲೊನ ಕಡೆ ತಿರುಗಿದಳು. "ಬಾಯಿ ಚೆನ್ನಾಗಿ ಕೂರ್ಸಿದ್ದೀಯ ದೊಡ್ಡಪ್ಪ. ಹಿಡಿ ಒಸಿ ದಪ್ಪ ಆಯ್ತು, ನನ್ ಕೈ ಚಿಕ್ಕದು. ಕೆತ್ತಿಕೊಡ್ತೀಯಾ?"

ಕೈ ಕಟ್ಟಿದ ಸಾಲೆಲ್ಲ ಪುಲೊನನ್ನೇ ನೋಡುತ್ತಿತ್ತು. ಅವನು ಕತ್ತಿ ಇಸಿದುಕೊಂಡು ರಸ್ತೆಯ ಅಂಚಿನಲ್ಲಿ ಕೂತ. ಅವಳ ಅಂಗೈಯನ್ನು ತನ್ನ ಬೊಬ್ಬೆ ಎದ್ದ ಕೈಯಲ್ಲಿ ಹಿಡಿದು ಅಳತೆ ನೋಡಿದ. ಹಿಡಿಯ ಮರವನ್ನು ಕೆತ್ತಿದ, ಅವಳ ಬೆರಳು ಇಟ್ಟು ನೋಡಿದ, ಮತ್ತೆ ಕೆತ್ತಿದ. ಮರದ ಸಿಪ್ಪೆ ಅವನ ಮಡಿಲಲ್ಲಿ ಬೀಳುತ್ತಿತ್ತು.

"ಈಗ?"

"ಹ್ಞೂಂ. ಈಗ ಸರಿಯಾಯ್ತು."

ಅವಳು ಲಾರಿ ಹತ್ತಿ ಹಿಂಬದಿಯ ಹಲಗೆಯ ಪಕ್ಕ ಕೂತಳು. ಲಾರಿ ತೊರೆಯ ಕಡೆಗೆ ಹೊರಟಿತು. ನಮ್ಮವರು ಕೈ ಹಿಂದಕ್ಕೆ ಕಟ್ಟಿಕೊಂಡೇ ನಿಂತಿದ್ದರು. ಬಿಸಿಲು ನೆತ್ತಿಗೇರುವವರೆಗೂ ನಿಂತಿದ್ದರು. ಅವರನ್ನು ಕೆಲಸಕ್ಕೆ ಬನ್ನಿ ಎಂದು ಯಾರೂ ಕರೆಯಲಿಲ್ಲ.