ಬೀಗರ ತುತ್ತು

ಅಜ್ಜಿಯ ಕಥೆಗಳಲ್ಲಿ ದೈತ್ಯರ ಜೀವ ದೂರದ ಯಾವುದೋ ಹಕ್ಕಿಯ ಹೊಟ್ಟೆಯಲ್ಲಿರುತ್ತಿತ್ತು. ನನ್ನ ಅಪ್ಪನ ಜೀವ ಕುರಿಬಾಲದ ಕೊಬ್ಬಿನಲ್ಲಿತ್ತು.

ವಸಂತದಲ್ಲಿ ಅಪ್ಪ ಎದೆ ಹಿಡಿದುಕೊಂಡು ಕುದುರೆ ಲಾಯದ ಬಾಗಿಲಲ್ಲೇ ಕುಸಿದಿದ್ದ. ಆಮೇಲೆ ಡಾಕ್ಟರು ಕೊಬ್ಬು, ಉಪ್ಪು, ಸಿಗರೇಟು ಎಲ್ಲ ಬಿಡಿಸಿದರು. ಬಿಟ್ಟ ಅಪ್ಪ ನಿಂತಲ್ಲಿ ನಿಲ್ಲದಾದ. "ಇದನ್ನ ತಿನ್ನೋಕೆ ನಾನೇನು ಮೊಲಾನಾ?" ಎಂದು ಬೇಯಿಸಿದ ಬೀಟ್ರೂಟಿನ ಮುಂದಿನಿಂದ ಎದ್ದುಹೋಗಿ ಅಂಗಳ ಸುತ್ತುವನು. ಒಮ್ಮೆ ಪಕ್ಕದ ಮನೆಯ ಔತಣದಲ್ಲಿ 'ಒಂದೇ ತುತ್ತು' ಎಂದವನು ತಟ್ಟೆ ಬರಿದು ಮಾಡಿದ. ಮಾರನೆಯ ದಿನದಿಂದ ಕದ್ದು ತಿನ್ನತೊಡಗಿದ. ಮತ್ತೆ ಆಸ್ಪತ್ರೆ ಸೇರಿದ. "ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿಲ್ಲ" ಅಂದಿದ್ದರು ಡಾಕ್ಟರು.

ಹೀಗಿರುವಾಗ ನನ್ನನ್ನು ಮದುವೆಯಾಗಲಿದ್ದ ದಾರ್ಖಾನನ ಮನೆಯವರು ಹೆಣ್ಣು ಕೇಳಲು ಬರುವ ದಿನ ಗೊತ್ತಾಯಿತು. ನಮ್ಮ ಕಜಾಕರಲ್ಲಿ ಎರಡೂ ಕಡೆಯ ಬೀಗರು ಕುರಿಯ ದಪ್ಪ ಬಾಲದ ಕೊಬ್ಬನ್ನು ಯಕೃತ್ತಿನ ಜೊತೆ ತಿಂದರೇ ಸಂಬಂಧ ಗಟ್ಟಿ. ಬೇಡವೆಂದರೆ ಹೆಣ್ಣು ಕೊಡುವುದಿಲ್ಲವೆಂದೇ ಅರ್ಥ.

"ಕಾಯಿಲೆ ಇದೆ ಅಂತ ಹೇಳ್ಬಿಡೋಣ," ಅಂದಳು ಅಮ್ಮ.

"ಬಾಯ್ಮುಚ್ಚು! ಎದೆರೋಗದ ವಂಶದ ಹುಡುಗೀನ ಯಾರೇ ತಗೋತಾರೆ? ಒಂದು ತುತ್ತು ತಾನೆ!"

ಮತ್ತೆ ಅದೇ ಒಂದು ತುತ್ತು.

ಬೀಗರು ಕೂತ ಕೋಣೆಗೆ ಮದುಮಗಳು ಹೋಗಬಾರದು. ಪರದೆಯ ಹಿಂದೆ ನಿಂತೆ, ಕೂತೆ, ಮತ್ತೆ ನಿಂತೆ. ದಾರ್ಖಾನನ ಅಜ್ಜಿ ಕುಲ್ಯಾಶ್ ತಟ್ಟೆ ಹಿಡಿದು ಒಬ್ಬೊಬ್ಬರ ಬಾಯಿಗೂ ಕೈಯಾರೆ ತುರುಕುತ್ತ ಅಪ್ಪನ ಬಳಿ ಬಂದಳು.

"ಬಾಯಿ ತೆಗೀರಿ ಓರಾಜ್ ಬೀಗರೇ! ಇಷ್ಟು ಸೊರಗಿದೀರಲ್ಲ, ಮಗಳ ಮದ್ವೆ ಅಂತ ಉಪವಾಸಾನಾ?"

ಎಲ್ಲರೂ ನಕ್ಕರು. ಅಪ್ಪನ ಕಣ್ಣು ಆ ಬಿಳಿ ಹೋಳಿನಿಂದ ಕದಲಲಿಲ್ಲ. ಹಸಿದ ಮಗುವಿನಂತೆ ಬಾಯಿ ತೆರೆದ.

ನಾನು ಪರದೆ ಸರಿಸಿ ಓಡಿದೆ. ಅಜ್ಜಿಯ ಮಣಿಕಟ್ಟು ಹಿಡಿದು ತುತ್ತನ್ನು ನನ್ನ ಬಾಯಿಗೆ ಎಳೆದುಕೊಂಡೆ.

"ಅಯ್ಯಯ್ಯೋ, ಹುಡುಗಿಗೆ ತಡೆಯೋಕೇ ಆಗ್ಲಿಲ್ಲ!" ಅಂದ ದಾರ್ಖಾನನ ಚಿಕ್ಕಪ್ಪ. "ಇವತ್ತೇ ಕರ್ಕೊಂಡು ಹೋಗೋಣ್ವಾ?"

ನಗು ಸಿಡಿಯಿತು. ಅಮ್ಮ ಮುಖ ಮುಚ್ಚಿಕೊಂಡಳು. ನನ್ನ ಕಿವಿಗಳು ಉರಿದವು. ಕೊಬ್ಬು ಗಂಟಲಲ್ಲಿ ಜಾರಿಹೋಯಿತು.

ಕುಲ್ಯಾಶ್ ಅಜ್ಜಿ ಮಾತ್ರ ನಗಲಿಲ್ಲ. ಅಪ್ಪನ ಸಡಿಲಾದ ಕಾಲರನ್ನು ನೋಡಿದಳು. ತಾನಾಗಿಯೇ ಎದೆಯ ಮೇಲೆ ಹೋಗಿದ್ದ ಅವನ ಕೈಯನ್ನೂ ನೋಡಿದಳು. ಆಮೇಲೆ ಜಿಡ್ಡಿನ ಅಂಗೈಯನ್ನು ಅವನ ಎರಡೂ ಕೆನ್ನೆಗೆ ಬಳಿದುಬಿಟ್ಟಳು.

"ಮಗಳು ತಿಂದ್ಲು, ಅಪ್ಪನ ಮುಖಕ್ಕೆ ಹತ್ತಿತು. ಸಂಬಂಧ ಆಯ್ತು. ಯಾರಿಗಾದ್ರೂ ತಕರಾರಿದ್ಯಾ?"



ಅಪ್ಪನ ಮೀಸೆಯ ತುದಿ ಹೊಳೆಯುತ್ತಿತ್ತು. ನಾಲಿಗೆ ಮೆಲ್ಲಗೆ ಹೊರಬಂದು ಮೀಸೆಯತ್ತ ಚಾಚಿತು. ಅಷ್ಟರಲ್ಲಿ ಅವನು ನನ್ನನ್ನು ನೋಡಿದ. ನಾಲಿಗೆ ಒಳಹೋಯಿತು.

"ಟವೆಲ್ ಕೊಡು ಮಗಳೇ," ಅಂದ. "ಬೇಗ."