ಪಿನ್ನು ಹೊಡೆದ ಅಧ್ಯಾಯ

ಸೂತಕದ ಮನೆಯಲ್ಲಿ ದೇವರಿಗೆ ರಜೆ. ಬಸವನಗುಡಿಯ ಭಾಗೀರಥಮ್ಮನವರು ಮದುವೆಯಾಗಿ ಬಂದಂದಿನಿಂದ ಸಹಸ್ರನಾಮ ಹೇಳದೆ ಕಾಫಿ ಮುಟ್ಟಿದವರಲ್ಲ. ಗಂಡ ಚಕ್ರಪಾಣಿ ತೀರಿಕೊಂಡ ದಿನವೇ ದೇವರ ಕೋಣೆಯ ಬಾಗಿಲು ಮುಚ್ಚಿತು. ಕಷ್ಟ ಬಂದಾಗ ದೇವರ ಬಳಿಗೆ ಹೋಗಿ ಎಂದು ಪ್ರವಚನಕಾರರೆಲ್ಲ ಹೇಳುತ್ತಾರೆ. ಎಲ್ಲಕ್ಕಿಂತ ದೊಡ್ಡ ಕಷ್ಟ ಬಂದ ದಿನ ಆ ಬಾಗಿಲಿಗೆ ಅಗುಳಿ ಬಿದ್ದಿರುತ್ತದೆ ಎಂಬುದನ್ನು ಹೇಳಲು ಅವರಿಗೆ ಸಮಯ ಸಾಲುವುದಿಲ್ಲ.

ಕೈ ಬರಿದಾಗಿ ಕೂರಲಾರದೆ ಭಾಗೀರಥಮ್ಮ ಗಂಡನ ಆರಾಮಕುರ್ಚಿಯ ಪಕ್ಕದಲ್ಲಿದ್ದ ಪುಸ್ತಕವನ್ನು ಎತ್ತಿಕೊಂಡರು. ‘ಮಡಿಕಟ್ಟೆ ಮಹಾತ್ಮೆ’ ಎಂಬ ಹಳೆಯ ವಿಡಂಬನೆಯ ಕಾದಂಬರಿ. ಚಕ್ರಪಾಣಿ ವರ್ಷಕ್ಕೊಮ್ಮೆಯಾದರೂ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗುವುದಕ್ಕೆ ಅವರಿಗೆ ಹೆಂಡತಿಯ ಪೂಜೆಯ ಹೊತ್ತೇ ಆಗಬೇಕಿತ್ತು. ಆ ನಗು ಕೇಳಿಸದಿರಲೆಂದು ಭಾಗೀರಥಮ್ಮ ಗಂಟೆಯನ್ನು ಇನ್ನಷ್ಟು ಜೋರಾಗಿ ಬಾರಿಸುತ್ತಿದ್ದರು.

“ದೇವರನ್ನ ಹಾಸ್ಯ ಮಾಡೋ ಪುಸ್ತಕ ಮನೇಲಿ ಯಾಕ್ ಇಟ್ಕೊಂಡಿದೀರಿ?”

“ಒಂದ್ಸಲ ಓದೇ. ಆಮೇಲೆ ಬೈ.”

ಹದಿಮೂರನೆಯ ದಿನ ವೈಕುಂಠ ಸಮಾರಾಧನೆಯ ಊಟಕ್ಕೆ ಬಂದವರಿಗೆ ಒಂದು ಪುಸ್ತಕ ಕೊಟ್ಟು ಕಳಿಸುವುದು ಈ ಕಡೆಯ ಮನೆಗಳ ಪದ್ಧತಿ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಚಕ್ರಪಾಣಿ ಅದನ್ನೂ ಹೇಳಿಟ್ಟಿದ್ದರು. “ನನ್ನ ವೈಕುಂಠಕ್ಕೆ ಬಂದೋರಿಗೆ ಇದನ್ನೇ ಕೊಡು. ಸ್ತೋತ್ರದ ಪುಸ್ತಕ ಎಲ್ಲರ ಮನೇಲೂ ಕಂತೆಗಟ್ಲೆ ಬಿದ್ದಿದೆ. ನಾನು ಹೋದ್ಮೇಲಾದ್ರೂ ನಾಲ್ಕು ಜನ ನಗಲಿ.” ಬದುಕಿದ್ದಾಗ ಗಂಡನ ಮಾತನ್ನು ಅಷ್ಟಾಗಿ ಕೇಳದಿದ್ದ ಭಾಗೀರಥಮ್ಮ ಇದೊಂದನ್ನು ನಡೆಸಿಯೇ ತೀರಬೇಕೆಂದು ನಿಶ್ಚಯಿಸಿ ಪುಸ್ತಕದ ಪ್ರತಿಗಳನ್ನು ಕಟ್ಟುಗಟ್ಟಲೆ ತರಿಸಿದರು.

ಕಾದಂಬರಿಯ ಮಡಿಕಟ್ಟೆ ಎಂಬ ಅಗ್ರಹಾರದಲ್ಲಿ ಮಡಿ ಹೆಚ್ಚು, ಕೆಲಸ ಕಡಿಮೆ. ಅಲ್ಲಿನ ಯಜಮಾನ ತಿಮ್ಮಾವಧಾನಿಗೆ ದೇವರು ದಿನವೂ ಸ್ವಂತವಾಗಿ ಅಭಿಪ್ರಾಯ ತಿಳಿಸುತ್ತಾನೆ; ಆ ಅಭಿಪ್ರಾಯ ಯಾವಾಗಲೂ ತಿಮ್ಮಾವಧಾನಿಗೆ ಅನುಕೂಲವಾಗಿಯೇ ಇರುತ್ತದೆ. ಪಕ್ಕದ ಬೀದಿಗೂ ತನ್ನ ಭಕ್ತಿ ಕೇಳಿಸಲೆಂದು ಗಂಟೆ ಬಾರಿಸುವ ಒಬ್ಬ ಮಡಿಹೆಂಗಸೂ ಇದ್ದಳು. ಆ ಪುಟವನ್ನು ಭಾಗೀರಥಮ್ಮ ಬೇಗ ಮಗುಚಿದರು. ಆದರೆ ಇಡೀ ಪುಸ್ತಕದಲ್ಲಿ ದೇವರ ಮೇಲೆ ಒಂದೇ ಒಂದು ಮಾತಿರಲಿಲ್ಲ. ಬೈಗುಳವೆಲ್ಲ ದೇವರ ಪರವಾಗಿ ಮಾತಾಡುವವರಿಗೆ. ಇಷ್ಟು ತಿಳಿಯಲು ಗಂಡ ಸಾಯಬೇಕಾಯಿತಲ್ಲ ಎಂದು ಅವರಿಗೆ ಅಳು ಬಂತು.

ಅಳಲು ಬಿಡುವು ಎಲ್ಲಿ? ಸಮಾಧಾನ ಹೇಳುವವರು ಬಂದರು. ಎದುರುಮನೆಯ ಗಿರಿಜಾಂಬಾ ಭಾಗೀರಥಮ್ಮನ ಕೈ ಹಿಡಿದು, “ಪುಣ್ಯಾತ್ಮರು ಕಣ್ರೀ, ನರಳಲಿಲ್ಲ. ನನ್ನ ಮಂಡಿ ನೋಡಿ, ದಿನಾ ನರಳ್ತೀನಿ” ಎಂದು ಶುರುಮಾಡಿ ಮಂಡಿಯ ಚರಿತ್ರೆಯನ್ನು ಪೂರ್ತಿ ಹೇಳಿದರು. ಹೊಸಿಲು ದಾಟುವಾಗ, “ವೈಕುಂಠಕ್ಕೆ ಅಡುಗೆ ಯಾರದು? ಹೋದ್ಸಲ ಒಂದು ಕಡೆ ಆಂಬೊಡೆ ಕಲ್ಲಾಗಿತ್ತು” ಎಂದರು. ಕಾದಂಬರಿಯ ಐದನೆಯ ಅಧ್ಯಾಯದಲ್ಲಿ ಇದೇ ಇತ್ತು, ಮಂಡಿಯ ಬದಲು ಸೊಂಟ. ಮಗಳು ಸುಪ್ರಜಾ ಅಡುಗೆಮನೆಗೆ ಓಡಿ ಸೆರಗು ಕಚ್ಚಿಕೊಂಡು ನಕ್ಕಳು. ಗಿರಿಜಾಂಬಾಗೆ ಓದಲು ಒಂದು ಪ್ರತಿ ಕೊಟ್ಟರೆ ಮಾರನೆಯ ದಿನವೇ ವಾಪಸು ತಂದು, “ತಿಮ್ಮಾವಧಾನಿ ಥೇಟ್ ನಿಮ್ಮ ಮೈದುನ” ಎಂದು ಪಿಸುಗುಟ್ಟಿದರು.

ಆ ಮೈದುನ ಚಿದಂಬರ ನಿವೃತ್ತ ಬ್ಯಾಂಕ್ ಅಧಿಕಾರಿ, ಈಗ ಮೂರು ಸಂಘಗಳ ಅಧ್ಯಕ್ಷ. ಅಣ್ಣನಿಗೆ ಗಂಡುಮಕ್ಕಳಿಲ್ಲದ್ದರಿಂದ ಕರ್ಮ ಮಾಡುತ್ತಿದ್ದವರು ಅವರೇ. ಅವರೂ ಪುಸ್ತಕ ಓದಿದರು.

“ಅತ್ತಿಗೆ, ಬಹಳ ಒಳ್ಳೆ ಪುಸ್ತಕ. ಬೇರೆಯವರು ಓದಲೇಬೇಕು. ತಿಮ್ಮಾವಧಾನಿ ಥೇಟ್ ಆ ಗಿರಿಜಾಂಬಾ ಯಜಮಾನರು.”

“ಹಾಗಾದ್ರೆ ಹಂಚೋಣ ಅಲ್ವಾ?”

“ಹಂಚೋಣ. ಇದರಿಂದ ಕಲಿಯೋ ಜೀವನಪಾಠಗಳ ಬಗ್ಗೆ ನಾನೇ ನಾಲ್ಕು ಮಾತಾಡ್ತೀನಿ. ಸಮಯಪಾಲನೆ, ಹಿರಿಯರಿಗೆ ವಿಧೇಯತೆ, ಎಲ್ಲಾ ಇದೆ ಇದ್ರಲ್ಲಿ. ಆದ್ರೆ ಆ ಒಂಬತ್ತನೇ ಅಧ್ಯಾಯ ಇರಬಾರದು.”

ಚಕ್ರಪಾಣಿ ಅತಿ ಹೆಚ್ಚು ನಕ್ಕದ್ದು ಆ ಒಂಬತ್ತನೆಯ ಅಧ್ಯಾಯಕ್ಕೇ. ತಿಮ್ಮಾವಧಾನಿ ಕಾಶಿಯಲ್ಲಿ ತೀರಿಕೊಂಡನೆಂದು ಸುದ್ದಿ ಬಂದು, ಅಗ್ರಹಾರದವರು ಅವನ ವೈಕುಂಠದ ಊಟಕ್ಕೆ ಕೂತಿರುವಾಗ ಅವನೇ ಬದುಕಿ ಬರುವ ಕಥೆ.

“ವೈಕುಂಠಕ್ಕೆ ಬಂದೋರ ಕೈಗೆ ವೈಕುಂಠದ ಹಾಸ್ಯ ಕೊಡ್ತಾರಾ? ಹರಿದು ತೆಗೀಬೇಕು.”

“ಅಪ್ಪನ ಪುಸ್ತಕ ಹರಿಯೋಕೆ ನಾನು ಬಿಡಲ್ಲ ಚಿಕ್ಕಪ್ಪ” ಎಂದಳು ಸುಪ್ರಜಾ.

“ಹಾಗಾದ್ರೆ ಪಿನ್ನು ಹೊಡೆದು ಮುಚ್ಚಿ. ಅದೂ ಆಗಲ್ಲ ಅಂದ್ರೆ ದರ್ಭೆ ಹಿಡಿಯೋಕೆ ಬೇರೆಯವರನ್ನ ನೋಡ್ಕೊಳ್ಳಿ.”

ಅಣ್ಣನ ಸದ್ಗತಿಯನ್ನು ತಮ್ಮ ಹೀಗೆ ಅಡವಿಟ್ಟ. ಭಾಗೀರಥಮ್ಮ ಸೋತರು. ಸಂಜೆ ತಾಯಿ, ಮಗಳು ನೆಲದ ಮೇಲೆ ಕೂತು ಪ್ರತಿಯೊಂದು ಪುಸ್ತಕದ ಒಂಬತ್ತನೆಯ ಅಧ್ಯಾಯಕ್ಕೂ ಪಿನ್ನು ಹೊಡೆದರು. ಒಂದೊಂದು ಸಲ ಕಟಕ್ ಎಂದಾಗಲೂ ಭಾಗೀರಥಮ್ಮನಿಗೆ ಗಂಡನ ತುಟಿಗೇ ಹೊಡೆದಂತಾಯಿತು. ಇಷ್ಟು ವರ್ಷ ಗಂಟೆ ಬಾರಿಸಿ ಅವರ ನಗುವನ್ನು ಅಡಗಿಸಿದ್ದು ಸಾಲದೆ, ಈಗ ಇದೊಂದು.

ವೈಕುಂಠದ ದಿನ ಹನುಮಂತನಗರದ ಛತ್ರ ತುಂಬಿತ್ತು. ತಮ್ಮ ಭಾಷಣವನ್ನು ಜನ ಪುಸ್ತಕ ಹಿಡಿದೇ ಕೇಳಲೆಂದು ಚಿದಂಬರ ಊಟಕ್ಕೆ ಮೊದಲೇ ಹಂಚಿಸಿದರು. ನಾಲ್ಕು ಮಾತು ನಲವತ್ತು ನಿಮಿಷ ನಡೆಯಿತು. ಸಮಯಪಾಲನೆಯ ಪಾಠವೇ ಅದರಲ್ಲಿ ಹೆಚ್ಚು ಹೊತ್ತು ತೆಗೆದುಕೊಂಡಿತು. ಕೊನೆಗೆ ಮೈಕನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡು ಹೇಳಿದರು:

“ಒಂಬತ್ತನೇ ಅಧ್ಯಾಯ ಇವತ್ತಿನ ಸಂದರ್ಭಕ್ಕೆ ಉಚಿತವಲ್ಲ. ಅದಕ್ಕೆ ಪಿನ್ನು ಹಾಕಿದೆ. ದಯವಿಟ್ಟು ಯಾರೂ ಬಿಚ್ಚಬಾರದು.”

ಅದುವರೆಗೆ ಯಾರೂ ಪುಸ್ತಕದ ರಟ್ಟನ್ನು ಸಹ ತೆರೆದಿರಲಿಲ್ಲ.

ಮೊದಲ ಪಂಕ್ತಿ ಊಟಕ್ಕೆ ಹೋಯಿತು. ಉಳಿದವರಿಗೆ ಹಸಿವು, ಕೈಯಲ್ಲಿ ಬೇಡವೆಂದ ಪುಟಗಳು. ಹೆಂಗಸರ ತಲೆಯಿಂದ ಹೇರ್‌ಪಿನ್ನುಗಳು ಇಳಿದವು. ಗಂಡಸರು ಬೀಗದ ಕೈ ತೆಗೆದರು. ಬಾಯಲ್ಲಿ ಅಷ್ಟೋತ್ತರ ಗೊಣಗುತ್ತಲೇ ಪುರೋಹಿತರೊಬ್ಬರು ಉಗುರಿನಲ್ಲಿ ಮೀಟುತ್ತಿದ್ದರು. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ತಿಳಿಯಿತು.

“ಇಲ್ಲಿ ಕೇಳ್ರೀ” ಎಂದು ಗಿರಿಜಾಂಬಾ ಪಕ್ಕದವರಿಗೆಂದು ಓದಿದ್ದು ಅರ್ಧ ಛತ್ರಕ್ಕೆ ಕೇಳಿಸಿತು. “‘ನಾನು ಸತ್ತಿಲ್ಲ, ಇದು ನನ್ನದೇ ವೈಕುಂಠ’ ಎಂದು ತಿಮ್ಮಾವಧಾನಿ ಬಾಗಿಲಲ್ಲಿ ಕೂಗಿದನು. ಬಡಿಸುವವನು ತಲೆಯೆತ್ತದೆ, ‘ಯಾರಾದರೇನು, ಈಗ ಎಲೆ ಖಾಲಿಯಿಲ್ಲ. ಎರಡನೆಯ ಪಂಕ್ತಿಗೆ ಬನ್ನಿ’ ಎಂದನು.”

ಅಷ್ಟರಲ್ಲಿ ಊಟದ ಮನೆಯ ಬಾಗಿಲಿಗೆ ಅಡುಗೆಯವನು ಬಂದು ಗಟ್ಟಿಯಾಗಿ ಕರೆದ: “ಎರಡನೇ ಪಂಕ್ತಿ ಬನ್ನಿ.”

ಛತ್ರವೇ ನಕ್ಕುಬಿಟ್ಟಿತು. ಮಂಡಿಯ ನೋವಿನವರು ಮಂಡಿ ತಟ್ಟಿಕೊಂಡು ನಕ್ಕರು. ಮಾಲೆ ಹಾಕಿದ ಫೋಟೋದೊಳಗಿನ ಚಕ್ರಪಾಣಿಯ ಪಕ್ಕದಲ್ಲಿ ಕೂತಿದ್ದ ಭಾಗೀರಥಮ್ಮ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ಇಬ್ಬರು ನೀರು ತಂದರು. ಅವರೆಣಿಸಿದ್ದು ಅರ್ಧ ನಿಜ.

ಚಿದಂಬರ ಒದ್ದೆ ಕೈಯಲ್ಲೇ ಊಟದ ಮನೆಯಿಂದ ಓಡಿಬಂದರು. ಒಂದು ಗಳಿಗೆ ಸುತ್ತ ನೋಡಿದರು. ಜನ ನಗುತ್ತಿದ್ದಾರೆ, ಎಲ್ಲರ ಕೈಯಲ್ಲೂ ತಾವು ಹಂಚಿಸಿದ ಪುಸ್ತಕ. ಅತ್ತಿಗೆಯ ಕಡೆ ತಿರುಗಿ, “ನೋಡಿದ್ರಾ ಅತ್ತಿಗೆ, ನನ್ನ ಭಾಷಣ ಎಷ್ಟು ಚೆನ್ನಾಗಿ ಮುಟ್ಟಿದೆ” ಎಂದರು.

“ಹೂಂ ಚಿದಂಬರ. ನೀವು ಹೇಳ್ದೇ ಇದ್ದಿದ್ರೆ ಯಾರೂ ಓದ್ತಿರಲಿಲ್ಲ” ಎಂದರು ಭಾಗೀರಥಮ್ಮ. ಅದು ಪೂರ್ತಿ ನಿಜ.

ಮಾರನೆಯ ಬೆಳಿಗ್ಗೆ ದೇವರ ಕೋಣೆಯ ಬಾಗಿಲು ತೆರೆದು ದೀಪ ಹಚ್ಚಿದರು. ಸಹಸ್ರನಾಮ ಮುಗಿಸಿ ಗಂಟೆ ಎತ್ತಿಕೊಂಡು, ಅಭ್ಯಾಸದಂತೆ ಹೊರಗಿನ ನಗುವಿಗೆ ಕಾದರು. ಆರಾಮಕುರ್ಚಿಯಿಂದ ಸದ್ದಿಲ್ಲ. ಗಂಟೆಯನ್ನು ಮೆಲ್ಲಗೆ, ತಮಗೆ ಮಾತ್ರ ಕೇಳಿಸುವಷ್ಟು ಬಾರಿಸಿದರು. ಆಗ ಎರಡನೆಯ ಪಂಕ್ತಿ ನೆನಪಾಗಿ, ಮಂಗಳಾರತಿಯ ನಡುವೆಯೇ ನಗು ಬಂತು. ಅವರು ತಡೆಯಲಿಲ್ಲ. ದೇವರಿಗೆ ಅಭ್ಯಂತರವಿದ್ದಂತೆ ಕಾಣಲಿಲ್ಲ. ಇದ್ದಿದ್ದರೆ ಇಷ್ಟು ಹೊತ್ತಿಗೆ ಚಿದಂಬರನಿಗೆ ತಿಳಿಸಿರುತ್ತಿದ್ದ.