ಎದುರುಗಾಳಿಗೆ ಒಂದು ಜೊತೆ ಗಾಲಿ

ಗುಂಡ್ಲುಪೇಟೆಯ ಆಷಾಢದ ಗಾಳಿಯನ್ನು ಕಾಣದವರಿಗೆ ಗಾಳಿಯೆಂದರೇನೆಂದೇ ಗೊತ್ತಿಲ್ಲ. ಎರಡು ಸಾವಿರದ ಏಳರ ಆಷಾಢದಲ್ಲಿ ಅದು ನಮ್ಮ ಬೀದಿಯ ಲಿಂಗಯ್ಯನವರ ತಲೆಯ ರುಮಾಲನ್ನು ಎತ್ತಿಕೊಂಡು ಹೋಗಿ ಪುಣಜನೂರಿನ ಕಾಡಿನಲ್ಲಿ ಒಂದು ಆನೆಗೆ ಸುತ್ತಿತು. ನಂಬದವರು ಆನೆಯನ್ನೇ ಕೇಳಬಹುದು. ಅಂಥ ಗಾಳಿಗೆ ಎದೆಯೊಡ್ಡಿ ಸೈಕಲ್ ತುಳಿದವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ, ಸೋಮಶೇಖರ.

ನನ್ನದು ಹಾಲಿನ ಕ್ಯಾನು ಕಟ್ಟುವ ಸೈಕಲ್ಲಲ್ಲ, ರೇಸ್ ಸೈಕಲ್ಲು. ಊಟಿಗೆ ಹೊರಟಿದ್ದ ಒಬ್ಬ ಜರ್ಮನಿಯವನು ನಮ್ಮ ಬಸ್ ಸ್ಟ್ಯಾಂಡಿನ ಮುಂದೆ ಸುಸ್ತಾಗಿ ಕೂತು, ನನ್ನ ತೊಡೆಗಳನ್ನು ನೋಡಿ, ಇದು ನಿನಗೇ ಸರಿ ಎಂದು ಕೊಟ್ಟುಹೋದದ್ದು. ಬೆರಳಗಲದ ಟೈರು, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು. ಜೊತೆಗೆ ತುಳಿಯಲು ಊರಿನಲ್ಲಿ ಅಂಥ ಇನ್ನೊಂದು ಸೈಕಲ್ ಇರಲಿಲ್ಲ, ಅಂಥ ಇನ್ನೊಬ್ಬ ಹುಚ್ಚನೂ ಇರಲಿಲ್ಲ.

ಆ ಆಷಾಢದಲ್ಲಿ ಮನೆಯಲ್ಲೂ ಯಾರೂ ಇರಲಿಲ್ಲ. ಮದುವೆಯಾದ ಮೊದಲ ವರ್ಷ. ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸಿಲು ದಾಟಬಾರದೆಂದು ಹೊಸ ಸೊಸೆಯನ್ನು ತವರಿಗೆ ಕಳಿಸುವುದು ನಮ್ಮಲ್ಲಿ ಪದ್ಧತಿ. ನನ್ನ ಅವ್ವ ತೀರಿಕೊಂಡು ವರ್ಷಗಳೇ ಆಗಿದ್ದವು. ಹೊಸಿಲಿತ್ತು, ಸೊಸೆಯಿದ್ದಳು, ಅತ್ತೆ ಮಾತ್ರ ಗೋಡೆಯ ಮೇಲಿನ ಫೋಟೋದಲ್ಲಿದ್ದಳು. ಆದರೂ ನನ್ನ ಹೆಂಡತಿ ನಯನಾಳ ತಾಯಿ ಕರಿಬಸಮ್ಮ ಆಷಾಢ ಹುಟ್ಟುವ ಹಿಂದಿನ ದಿನವೇ ಚಾಮರಾಜನಗರದಿಂದ ಬಂದು, "ಪದ್ಧತಿ ಅಂದ್ರೆ ಪದ್ಧತಿ ಅಳಿಯಂದ್ರೆ" ಎಂದು ಮಗಳ ಬಟ್ಟೆಗಳನ್ನು ಬ್ಯಾಗಿಗೆ ತುಂಬಿದರು.

ನಯನಾ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ನಾನೇನು ಸಾಮಾನ್ಯನೇ? "ಒಂದು ತಿಂಗಳೇನು, ಗೌರಿ ಹಬ್ಬ ಮುಗಿಸ್ಕೊಂಡೇ ಬರ್ಲಿ. ನಾನೊಬ್ಬ ಇದ್ರೆ ಮನೇಲಿ ಹತ್ತು ಜನ ಇದ್ದಂಗೆ" ಎಂದೆ. ಕರಿಬಸಮ್ಮ ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಹತ್ತು ಜನರ ಹಾಗೆಯೇ ಇದ್ದೆ. ಹತ್ತು ಜನರಿಗಾಗುವಷ್ಟು ಅನ್ನ ಬೇಯಿಸಿ, ಅದು ತಣ್ಣಗಾಗುವುದನ್ನು ಒಬ್ಬನೇ ಕೂತು ನೋಡಿದೆ. ಹೆಂಚು ಅಲುಗಿದರೆ ಯಾರೋ ಬಂದರೆಂದು ಎದ್ದು ಬಾಗಿಲು ತೆಗೆದೆ. ನಯನಾ ಮೊಳೆಗೆ ಸಿಕ್ಕಿಸಿ ಮರೆತುಹೋದ ಎರಡು ಹಸಿರು ಬಳೆಗಳು ಗಾಳಿಗೆ ಕಿಣಿಕಿಣಿ ಎನ್ನುತ್ತಿದ್ದವು. ಅವುಗಳ ಜೊತೆ ಜಗಳವಾಡಿ ಸೋತೆ.

ಭಾನುವಾರ ಬಂದರೆ ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ಸೈಕಲ್ ಸವಾರಿ. ಅತ್ತೆ ಅಳಿಯನಿಗೂ ಹೊಸಿಲಿನ ಕಟ್ಟಳೆ ಅದೇ ಆದ್ದರಿಂದ ನಾನು ಜಗಲಿ ದಾಟುವಂತಿರಲಿಲ್ಲ. ನಯನಾ ಕಾಫಿ ಲೋಟ ತಂದಿಡುತ್ತಿದ್ದಳು, ಕರಿಬಸಮ್ಮ ಬಾಗಿಲ ಹಿಂದಿನಿಂದ ಮಾತಾಡುತ್ತಿದ್ದರು. ಹೋಗುವಾಗ ಪಡುವಣ ಗಾಳಿ ಬೆನ್ನಿಗೆ, ಹಿಂದಿರುಗುವಾಗ ಅದೇ ಗಾಳಿ ಎದೆಗೆ. ನಾನು ತುಳಿದಷ್ಟೂ ಗುಂಡ್ಲುಪೇಟೆ ಹಿಂದಕ್ಕೆ ಸರಿದು ಒಮ್ಮೆ ಕೇರಳದ ಗಡಿಯನ್ನೇ ದಾಟಿಬಿಟ್ಟಿತ್ತು.

ಈ ಕಷ್ಟವನ್ನು ಮೈಸೂರಿನ ಸುಧಾಕರನಿಗೆ ಫೋನಿನಲ್ಲಿ ಹೇಳಿದೆ. ಹಿಂದೆ ದಸರಾ ಸೈಕಲ್ ಓಟದಲ್ಲಿ ನನ್ನ ಬೆನ್ನಿಗೆ ಅಂಟಿಕೊಂಡು ತುಳಿದವನು, ಈಗ ಸೈಕಲ್ ಅಂಗಡಿ ಇಟ್ಟಿದ್ದ. ಎರಡು ಜೊತೆ ಗಾಲಿಗಳನ್ನು ಬಸ್ಸಿಗೆ ಹಾಕಿ ಕಳಿಸಿದ.

"ಒಂದು ಜೊತೆ ಇಟ್ಕೊ, ಇನ್ನೊಂದ ಸೋಮವಾರದ ಬಸ್ಸಿಗೆ ವಾಪಸ್ ಹಾಕ್ಬುಡು" ಎಂದ. "ತೆಳ್ಳಗಿರೋದು ಹಗುರ ಕಣ್ಲಾ, ಏರಿಗೆ ಚೆಂದ. ಅಗಲ ರಿಮ್ಮಿಂದು ಎದುರುಗಾಳಿ ಸೀಳಕ್ಕೆ. ತೂಕ ಒಂಚೂರು ಜಾಸ್ತಿ."

"ತೆಳ್ಳಂದು ಎಷ್ಟು ಹಗುರ?"

"ನಿನ್ ಮಾತಿಗಿಂತ ತೂಕ ಐತೆ. ಅಷ್ಟು ಗ್ಯಾರಂಟಿ ಕೊಡ್ತೀನಿ."

ಹಗುರದ ಜೊತೆಯನ್ನು ಕಿರುಬೆರಳಲ್ಲಿ ಎತ್ತಿದೆ. ಕಿಟಕಿ ತೆರೆದಿದ್ದರೆ ಹಾರಿಹೋಗುತ್ತಿತ್ತು. ಇನ್ನೊಂದರ ರಿಮ್ಮು ಕರಿಯ ಕಾರ್ಬನ್ನಿನದು, ಟೈರಿನಿಂದ ಒಳಕ್ಕೆ ಅಂಗೈಯಷ್ಟು ಅಗಲ, ಅದಕ್ಕೆ ತಕ್ಕಂತೆ ಗಿಡ್ಡ ಕಡ್ಡಿಗಳು, ತಟ್ಟಿದರೆ ಮದ್ದಳೆ. ಎರಡನ್ನೂ ಮಂಚಕ್ಕೆ ಒರಗಿಸಿ ವಾರವೆಲ್ಲ ನೋಡಿದೆ. ಯಾವುದು ಸರಿ ಎಂದು ಕೇಳೋಣವೆಂದರೆ ಬಳೆಗಳ ಹೊರತು ಯಾರಿದ್ದರು? ನಮ್ಮ ದಾರಿಯಲ್ಲಿ ಏರೆಂಬುದು ಹೆಸರಿಗೆ ಮಾತ್ರ, ವೈರಿಯೆಂದರೆ ಗಾಳಿ. ಅಗಲ ರಿಮ್ಮನ್ನೇ ಆರಿಸಿ ಸೈಕಲ್ಲಿಗೆ ಹಾಕಿದೆ.

ಆ ಭಾನುವಾರ ನಾನು ತುಳಿಯಲಿಲ್ಲ, ಹಾರಿದೆ. ತೆರಕಣಾಂಬಿಯಲ್ಲಿ ಒಂದು ಹುಂಜ ಕೂಗಲು ಬಾಯಿ ತೆರೆದಿತ್ತು. ಅದು ಕೂಗಿ ಮುಗಿಸುವಷ್ಟರಲ್ಲಿ ನಾನು ಅತ್ತೆಯ ಮನೆಯ ಜಗಲಿಯಲ್ಲಿದ್ದೆ.

ನಯನಾ ಕಾಫಿ ಇಟ್ಟು ಗಾಲಿಯನ್ನು ಮುಟ್ಟಿ ನೋಡಿದಳು. "ಇದೇನ್ರೀ, ಪರಾತ ಕಟ್ಕೊಂಡು ಬಂದಿದ್ದೀರಾ?"

"ಗಾಳಿ ಸೀಳೋ ಗಾಲಿ ಕಣೆ. ವಾರವೆಲ್ಲ ಕೂತು ಆರಿಸಿದ್ದು."

"ಬರುವಾಗ ಗಾಳಿ ಬೆನ್ನಿಗಲ್ವಾ? ಸೀಳೋದು ಏನನ್ನ?"

"ಬರಕ್ಕೆ ಎತ್ತಿನಗಾಡಿ ಗಾಲಿಯಾದ್ರೂ ಸಾಕು. ಇದು ಹೋಗಕ್ಕೆ. ಇಲ್ಲಿ ಕಣ್ಣು ಮುಚ್ಚಿದ್ರೆ ಮನೇಲಿ ಬಿಡ್ತೀನಿ."

ಅವಳು ಗಾಲಿಯಿಂದ ಕೈ ತೆಗೆದಳು. "ಇಲ್ಲಿಂದ ಬೇಗ ಹೋಗಕ್ಕೆ ವಾರವೆಲ್ಲ ಕೂತು ಆರಿಸಿದ್ರಾ" ಎಂದಳು ಮೆಲ್ಲಗೆ.

ಬಾಗಿಲ ಹಿಂದಿನಿಂದ ಕರಿಬಸಮ್ಮ, "ಓಗ್ಲಿ ಬುಡು ಕಣಮ್ಮಿ. ಅವರೊಬ್ಬರಿದ್ರೆ ಹತ್ತು ಜನ ಇದ್ದಂಗಂತೆ. ನೀನು ಗೌರಿ ಹಬ್ಬ ಮುಗಿಸ್ಕೊಂಡೇ ಓಗೀವಂತೆ, ಎಲ್ರಿಗೂ ಹೇಳ್ಬುಟ್ಟಿವ್ನಿ" ಎಂದರು.

ಹುಟ್ಟಿದಾಗ ಅಳುವ ಬದಲು ಸೂಲಗಿತ್ತಿಗೆ ಸುಳ್ಳು ಹೇಳಿದವನಂತೆ ನಾನು. ಅಂಥ ನಾನು ಬರೀ "ಸರಿ" ಎಂದು ಸೈಕಲ್ ಹತ್ತಿದೆ.

ಗಾಲಿ ಸುಧಾಕರ ಹೇಳಿದಂತೆಯೇ ಓಡಿತು. ಅದೇ ಕಷ್ಟವಾದದ್ದು. ಎದುರುಗಾಳಿ ಇಬ್ಬದಿಗೆ ಸರಿದು ದಾರಿ ಕೊಟ್ಟಂತೆಲ್ಲ ಮನೆ ಬೇಗ ಬೇಗ ಹತ್ತಿರವಾಗುತ್ತಿತ್ತು: ಬೀಗ, ತಣ್ಣನೆಯ ಒಲೆ, ಮೊಳೆಯ ಮೇಲಿನ ಬಳೆ. ತೆರಕಣಾಂಬಿಗಿಂತ ಮುಂಚೆ ರಸ್ತೆ ತಿರುಗಿದಲ್ಲಿ ಗಾಳಿ ಪಕ್ಕದಿಂದ ಬಿತ್ತು. ಅಗಲ ರಿಮ್ಮು ದೋಣಿಯ ಹಾಯಿಯಾಗಿ, ನನ್ನನ್ನು ಎರಡು ತಾಳೆಮರದೆತ್ತರಕ್ಕೆ ಎತ್ತಿ ಚೆಂಡುಹೂವಿನ ಹೊಲಕ್ಕೆ ಎಸೆಯಿತು.

ಒಂದು ಯುಗ ಹಾಗೇ ಬಿದ್ದಿದ್ದೆ. ಯಾರೂ ಬರಲಿಲ್ಲ. ಈ ಬಿದ್ದ ಕಥೆಯನ್ನು ದೊಡ್ಡದು ಮಾಡಿ ಹೇಳಲು ದನ ಕಾಯುವವನೊಬ್ಬನೂ ಅಲ್ಲಿರಲಿಲ್ಲ. ಮನೆಗೆ ಹೋದರೂ ಕೇಳುವವರಿಲ್ಲ. ಗೌರಿ ಹಬ್ಬದವರೆಗೂ ಇಲ್ಲ.

ಎದ್ದು ಸೈಕಲ್ಲಿನ ಮೂತಿಯನ್ನು ಚಾಮರಾಜನಗರದ ಕಡೆಗೆ ತಿರುಗಿಸಿದೆ. ಗಾಳಿ ಬೆನ್ನಿಗೆ ಬಂತು.

ನಯನಾ ಜಗಲಿಯಲ್ಲೇ ಇದ್ದಳು. "ಏನಾಯ್ತು, ಮೈಯೆಲ್ಲ ಹೂವು?"

"ಮನೇಲಿ ಒಬ್ನೇ ಇರಕ್ಕೆ ಆಯ್ತಾ ಇಲ್ಲ ಕಣೆ."

ಅವಳು ಸಂತೆಯಲ್ಲಿ ಬದನೆಕಾಯಿ ನೋಡುವಂತೆ ನನ್ನನ್ನು ನೋಡಿದಳು. "ಇದ್ರಲ್ಲಿ ಎಷ್ಟು ಪಾಲು ನಿಜ?"

"ಪೂರ್ತಿ."

"ನೀವು ಪೂರ್ತಿ ಅಂದ್ರೆ ಕಾಲುಪಾಲು ಅಂತ ಇಟ್ಕೋಬೇಕು."

"ನಿನ್ ಬಳೆ ಹತ್ರ ಮಾತಾಡ್ತೀನಿ" ಎಂದೆ. ಅದಕ್ಕೆ ಇನ್ನೇನು ಸೇರಿಸಬೇಕೆಂದು ಹೊಳೆಯಲಿಲ್ಲ.

ಅವಳು ನಗಲಿಲ್ಲ. ನನ್ನ ಕಾಲರಿಗೆ ಅಂಟಿದ್ದ ಹಳದಿ ಎಸಳೊಂದನ್ನು ತೆಗೆದು ಕೈಯಲ್ಲೇ ಇಟ್ಟುಕೊಂಡಳು. ಬಾಗಿಲ ಹಿಂದಿನಿಂದ ಕರಿಬಸಮ್ಮನೇ ಮಾತೆತ್ತಿದರು: "ಆಷಾಢ ಮುಗಿಯೋ ದಿನ ಭೀಮನಮಾಸೆ. ಗಂಡನ ಪಾದಪೂಜೆ ಮಾಡ್ಬೇಕಲ್ಲ ಕಣಮ್ಮಿ, ಗಂಡ ಅಲ್ಲಿದ್ರೆ ಪಾದ ಎಲ್ಲಿಂದ ತರ್ತೀಯಾ? ಅಮಾಸೆಗೆ ಬಂದು ಕರ್ಕೊಂಡೋಗಿ ಅಳಿಯಂದ್ರೆ. ಬಸ್ಸಲ್ಲಿ. ಆ ಪರಾತದ ಮೇಲೆ ಬ್ಯಾಡ."

ಸೋಮವಾರ ಅಗಲ ರಿಮ್ಮುಗಳನ್ನು ಬಸ್ಸಿಗೆ ಹಾಕಿದೆ.

"ಯಾಕ್ಲಾ, ಗಾಳಿ ಸೀಳ್ನಿಲ್ವಾ?" ಎಂದು ಸುಧಾಕರ ಫೋನು ಮಾಡಿದ.

"ಸೀಳ್ತು. ಒಂದು ಹೋಳು ಕೇರಳಕ್ಕೆ ಹೋಯ್ತು, ಇನ್ನೊಂದು ತಮಿಳುನಾಡಿಗೆ. ಊರಲ್ಲಿ ಬತ್ತ ತೂರಕ್ಕೂ ಗಾಳಿ ಇಲ್ಲ ಅಂತ ಜನ ಬೈತಾವ್ರೆ."

ಅಮಾವಾಸ್ಯೆಗೆ ಮುಂಚಿನ ಭಾನುವಾರಗಳಲ್ಲಿ ಹಗುರದ ಗಾಲಿಯಲ್ಲೇ ಹೋದೆ. ಹಿಂದಿರುಗುವಾಗ ಗಾಳಿ ಎದೆಗೊದ್ದು ತಡಮಾಡುತ್ತಿತ್ತು. ಮಾಡಲಿ ಎಂದು ಬಿಟ್ಟೆ. ಮನೆಯಲ್ಲಿ ಕಾಯುತ್ತಿದ್ದದ್ದು ಎರಡು ಬಳೆ, ಅವು ಎಲ್ಲಿಗೂ ಹೋಗುತ್ತಿರಲಿಲ್ಲ.